ಆಟಮುರುಕ

ಫೆಬ್ರವರಿ 9, ಭಾನುವಾರ

ಬಟ್ಟೆ ಒಗೆದು ಟೆರೇಸಿಗೆ ಒಯ್ದೆ. ಹರವುವಷ್ಟರಲ್ಲಿ ಅಲ್ಲಿ ರಂಪ.

ಕಟ್ಟಡದ ಮಕ್ಕಳೆಲ್ಲ ಸೇರಿ ಕನ್ನಡಿ ಆಟ ಆಡುತ್ತಿದ್ದರು. ಕೈಗನ್ನಡಿ ಹಿಡಿದು ಬಿಸಿಲನ್ನು ಎದುರುಗೋಡೆಯ ಮೇಲೆ ಕುಣಿಸುವುದು. ಯಾರ ಬೆಳಕು ಇನ್ನೊಬ್ಬರ ಬೆಳಕನ್ನು ಅಟ್ಟಿಸಿಕೊಂಡು ಹೋಗಿ ಮುಟ್ಟುತ್ತದೋ ಅವರು ಗೆದ್ದಂತೆ. ಚೆನ್ನಾಗಿತ್ತು. ಗೋಡೆಯ ತುಂಬ ಬೆಳಕಿನ ಮರಿಗಳು ಬಿದ್ದು ಎದ್ದು ಓಡುತ್ತಿದ್ದವು. ಬಕೆಟ್ ಕೆಳಗಿಟ್ಟು ನಾನೂ ಬಾಯಿ ಬಿಟ್ಟುಕೊಂಡು ನಿಂತೆ.

ಅಷ್ಟರಲ್ಲಿ ಮಾವ. ಏದುಸಿರು. ಒಂದೇ ಕಾಲಲ್ಲಿ ಚಪ್ಪಲಿ, ಇನ್ನೊಂದು ಮೆಟ್ಟಿಲ ಮೇಲೆಲ್ಲೋ ಉಳಿದಿತ್ತು.

"ಕೊಡಿ ಇಲ್ಲಿ! ಎಲ್ಲಾ ಕೊಡಿ! ಯಾರ ಕಣ್ಣಿಗಾದ್ರೂ ಹೊಡೆದ್ರೆ ಏನ್ ಗತಿ?"

ಕನ್ನಡಿಗಳೆಲ್ಲ ಅವರ ಅಂಗಿಯ ಜೇಬು ಸೇರಿದವು. ಆಟ ಮುಗಿಯಿತು. ಗೋಡೆ ಮತ್ತೆ ಬರೀ ಗೋಡೆ.

ಊಟದ ಹೊತ್ತಿಗೆ ಪುಟ್ಟಿ ಕೇಳಿದಳು, "ಅಮ್ಮಾ, ಆಟ ಕೆಡಿಸೋರಿಗೆ ಏನಂತಾರೆ? ಒಂದೇ ಪದದಲ್ಲಿ ಹೇಳ್ಬೇಕು."

ಯೋಚಿಸಿದೆ.

"ತಾತ ಅಂತಾರೆ," ಅಂದರು ಇವರು, ಪೇಪರಿನ ಹಿಂದಿನಿಂದ.

ನಗು ತಡೆಯಲಾಗಲಿಲ್ಲ. ಮಾವ ಒಳಗೆ ಕೈ ತೊಳೆಯುತ್ತಿದ್ದರು. ಕೇಳಿಸಿತೋ ಏನೋ.

ಫೆಬ್ರವರಿ 11, ಮಂಗಳವಾರ

ಕಟ್ಟುಹಲ್ಲಿನ ಲ್ಯಾಬಿನಲ್ಲಿ ಇಡೀ ದಿನ ಒಂದೇ ಸೆಟ್. ಹಲ್ಲಿನ ಡಾಕ್ಟರು ಮೂರನೇ ಸಲ ವಾಪಸ್ ಕಳಿಸಿದ್ದಾರೆ— "ಪೇಷಂಟು ನಕ್ಕರೆ ಕುದುರೆ ನಕ್ಕ ಹಾಗಿದೆ." ಮೇಣ ಕರಗಿಸಿ ಮುಂದಿನ ಹಲ್ಲುಗಳನ್ನೆಲ್ಲ ಕಿತ್ತು ಮತ್ತೆ ಕೂರಿಸಿದೆ. ಕೊನೆಗೆ ಸರಿಯಾಗಿ ನಕ್ಕವು.

ಟೀ ಹೊತ್ತಿನಲ್ಲಿ ಪುಟ್ಟಿಯ ಪ್ರಶ್ನೆಯನ್ನು ಮುಂದಿಟ್ಟೆ. ಶುರುವಾಯಿತು ನೋಡು. ಪ್ರತಿಯೊಬ್ಬರ ಮನೆಯಲ್ಲೂ ಅಂಥವರೊಬ್ಬರು ಇದ್ದೇ ಇದ್ದಾರೆ. ಪ್ಲಾಸ್ಟರ್ ಕಲೆಸುವವಳು, "ನಮ್ಮ ದೊಡ್ಡಮ್ಮ— ಹಾಲಿಗೆ ಹುಳಿ ಹಿಂಡೋದ್ರಲ್ಲಿ ಎತ್ತಿದ ಕೈ," ಅಂದಳು. ಪಾಲಿಶ್ ಮಾಡುವವನು ಭಾವನಿಗೆ ಇಟ್ಟ ಹೆಸರು "ತಣ್ಣೀರು". ಬಂದರೆ ಸಾಕು, ಉರಿಯುತ್ತಿದ್ದದ್ದು ಆರಿಹೋಗುತ್ತದಂತೆ. ಲ್ಯಾಬಿನ ಯಜಮಾನರು ಮಾತ್ರ ಹಳೆಯದನ್ನೇ ಹೇಳಿದರು: ಶಿವಪೂಜೆಯಲ್ಲಿ ಕರಡಿ.

ಪಾಪ ಕರಡಿ. ಪೂಜೆ ನಡೆಯುತ್ತಿದೆ ಅಂತ ಅದಕ್ಕೇನು ಗೊತ್ತು? ಏನನ್ನೋ ನೋಡಿ ಹೆದರಿ ಒಳಗೆ ನುಗ್ಗಿರಬಹುದು.

ಇಷ್ಟು ಪದ ಇವೆ. ಒಂದಾದರೂ ಪ್ರೀತಿಯದಿಲ್ಲ.

ಫೆಬ್ರವರಿ 16, ಭಾನುವಾರ

ಕಟ್ಟಡದವರ ಮೀಟಿಂಗ್. ನೀರಿನ ಟ್ಯಾಂಕಿನ ವಿಷಯ ಇರಬೇಕು ಅಂದುಕೊಂಡು ಹೋದೆ. ಅಲ್ಲ. ಸೂರ್ಯ!

ಮಾರ್ಚ್ ಒಂಬತ್ತಕ್ಕೆ ಪೂರ್ಣ ಸೂರ್ಯಗ್ರಹಣ. ನೆರಳಿನ ದಾರಿ ಸರಿಯಾಗಿ ನಮ್ಮ ಊರಿನ ಮೇಲೆ. ಹಾಡುಹಗಲೇ ಎರಡು ನಿಮಿಷ ಚಿಲ್ಲರೆ ಕತ್ತಲೆ. ಸೆಕ್ರೆಟರಿ— ಟ್ರಾವೆಲ್ಸ್ ನಡೆಸುವವರು, ಏನು ಮಾಡಿದರೂ ದೊಡ್ಡದಾಗಿಯೇ ಮಾಡಬೇಕು ಅವರಿಗೆ— ಕೈಯೆತ್ತಿ ಘೋಷಿಸಿದರು: "ನಮ್ಮಜ್ಜ ನೋಡಿಲ್ಲ, ನಮ್ಮ ಮೊಮ್ಮಕ್ಕಳು ನೋಡಲ್ಲ. ನಾವು ನೋಡ್ತೀವಿ! ಟೆರೇಸಲ್ಲಿ ಪಾರ್ಟಿ!" ಹಾಡು, ತಿಂಡಿ, ಗ್ರೂಪ್ ಫೋಟೋ. ಕೇಳುತ್ತ ಕೇಳುತ್ತ ಮೈಮೇಲೆ ಕೂದಲು ನಿಂತವು ನನಗೆ. ನಮ್ಮ ಟೆರೇಸು. ನಮ್ಮ ತಲೆಯ ಮೇಲೆ.

ಹಿಂದಿನ ಸಾಲಿನಿಂದ ಮಾವ ಎದ್ದರು.

"ಹೆಂಗೆ ನೋಡ್ತೀರಿ?"

"ಅಂದ್ರೆ?"

"ಬರಿಗಣ್ಣಲ್ಲಿ ಆಗಲ್ಲ. ಎಕ್ಸ್‌ರೇ ಫಿಲ್ಮಲ್ಲಿ ಆಗಲ್ಲ. ಮಸಿ ಹಿಡಿಸಿದ ಗಾಜು ಆಗಲ್ಲ. ಕೂಲಿಂಗ್ ಗ್ಲಾಸ್ ಆಗಲ್ಲ—"

"ಕಣ್ಣು ಮುಚ್ಕೊಂಡು ನೋಡೋಣ್ವಾ ಸಾರ್ ಹಾಗಾದ್ರೆ?"

ಎಲ್ಲರೂ ಹೋ ಎಂದು ನಕ್ಕರು. ಕೆಳಮನೆಯ ಸಂಗೀತದ ಟೀಚರು ಪಕ್ಕದವರಿಗೆ ಕೇಳುವಷ್ಟು ಮೆಲ್ಲಗೆ, ಅಂದರೆ ಎಲ್ಲರಿಗೂ ಕೇಳುವಷ್ಟು ಜೋರಾಗಿ ಅಂದರು, "ಇದಕ್ಕೇ ವಿಘ್ನಸಂತೋಷಿ ಅನ್ನೋದು."

ವಿಘ್ನವಾದರೆ ಸಂತೋಷಪಡುವವನು. ಮಾವನ ಮುಖ ನೋಡಿದೆ. ಸಂತೋಷ ಎಲ್ಲೂ ಕಾಣಲಿಲ್ಲ.

ಗ್ರಹಣ ನೋಡುವ ಕನ್ನಡಕಗಳನ್ನೇ ಒಂದು ಡಬ್ಬ ತರಿಸುತ್ತೇನೆ ಅಂದು ಸೆಕ್ರೆಟರಿ ಮಾತು ಮುಗಿಸಿದರು.

ಫೆಬ್ರವರಿ 19, ಬುಧವಾರ

ಇವತ್ತಿನದು ಸ್ವಲ್ಪ ಅತಿಯಾಯಿತು.

ಮಕ್ಕಳು ಒಡೆದ ಕಿಟಕಿಯ ಗಾಜು ಆಯ್ದು ತಂದು, ಮೇಣದಬತ್ತಿಯ ಹೊಗೆ ಹಿಡಿಸಿ, ಅಂಚಿಗೆ ಬಟ್ಟೆ ಸುತ್ತಿ, ಎರಡು ದಿನ ಕಷ್ಟಪಟ್ಟು ಗ್ರಹಣ ನೋಡುವ ಗಾಜು ಮಾಡಿದ್ದರು. ಪುಟ್ಟಿಯದು ಎಲ್ಲಕ್ಕಿಂತ ಅಚ್ಚುಕಟ್ಟು. ಮಾವ ಅಷ್ಟನ್ನೂ ಮೆಟ್ಟಿಲಿನ ಕೆಳಗೆ ಕಲ್ಲಿನಿಂದ ಕುಟ್ಟಿ ಪುಡಿ ಮಾಡಿದರು. ಮಕ್ಕಳ ಎದುರಿಗೇ.

ಪುಟ್ಟಿ ಅಳಲಿಲ್ಲ. ಅದೇ ನನಗೆ ಹೆದರಿಕೆ.

"ಮಾವ, ನಿಧಾನವಾಗಿ ಹೇಳಬಹುದಿತ್ತಲ್ಲ," ಅಂದೆ.

"ನಿಧಾನವಾಗಿ ಹೇಳಿದ್ರೆ ಯಾರು ಕೇಳ್ತಾರಮ್ಮ?"

ನಲವತ್ತು ವರ್ಷ ಕನ್ನಡಕದ ಅಂಗಡಿ ಇಟ್ಟವರು. ಅತ್ತೆ ಹೋದ ಮೇಲೆ ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬಂದರು. ಬಂದಾಗಿನಿಂದ ಇದೇ— ಬಲೂನ್ ಒಡೆಯಬೇಡಿ, ಪಟಾಕಿ ಬೇಡ, ರಬ್ಬರ್ ಬ್ಯಾಂಡ್ ಎಳೆಯಬೇಡಿ. ಪುಟ್ಟಿಯ ಗೆಳತಿಯರು ಮನೆಗೆ ಬರುವುದನ್ನೇ ಬಿಟ್ಟಿದ್ದಾರೆ.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದೆ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಇಷ್ಟಿಷ್ಟು ದಪ್ಪ ಅಕ್ಷರ:

ಆಟಮುರಕ

ಮನೆಮುರುಕ ಎಂಬುದುಂಟು. ಆಟಮುರುಕ— ಯಾವ ನಿಘಂಟಿನಲ್ಲೂ ಇರಲಾರದು. ಪದ ಬೇಕಿತ್ತು ಪುಟ್ಟಿಗೆ, ಸಿಗಲಿಲ್ಲ, ತಾನೇ ಮಾಡಿಕೊಂಡಿದ್ದಾಳೆ. ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ, ಸುಳ್ಳೇಕೆ ಹೇಳಲಿ, ಸ್ವಲ್ಪ ಬೆರಗು ಕೂಡ.

ಒರೆಸಲು ಬಟ್ಟೆ ತರುವಷ್ಟರಲ್ಲಿ ಮಾವ ಎದ್ದು ಬಂದಿದ್ದರು. ಓದಿದರು. ಆ 'ಕ' ಯಾರ ಕೈಯದು ಎಂದು ಅವರಿಗೆ ಗೊತ್ತಾಗದೆ ಇರುತ್ತದೆಯೇ, ಬರೆಯಲು ಕಲಿಸಿದವರೇ ಅವರು. ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ಚೂರು ಎತ್ತಿಕೊಂಡು, 'ರ'ಕ್ಕೆ ಕೊಂಬು ಕೊಟ್ಟು 'ರು' ಮಾಡಿದರು. ಚೂರನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಒರೆಸಲು ಕೈ ಬರಲಿಲ್ಲ ನನಗೆ.

ಮಾರ್ಚ್ 1, ಶನಿವಾರ

ಎಷ್ಟು ದಿನವಾಯಿತು ಬರೆಯದೆ. ಬರೆಯುವಂಥದ್ದೇನಿರಲಿಲ್ಲ. ಮನೆಯಲ್ಲಿ ಮಾತಿಲ್ಲ. ತಾತ ಎದುರು ಬಂದರೆ ಪುಟ್ಟಿ ಗೋಡೆ ನೋಡಿಕೊಂಡು ಹೋಗುತ್ತಾಳೆ. ಅವರು ಅವಳ ಪೆನ್ಸಿಲ್‌ಗಳನ್ನು ಚೂಪು ಮಾಡಿಟ್ಟರೆ ಬೇಕೆಂದೇ ಮುರಿದ ಪೆನ್ಸಿಲ್‌ನಲ್ಲಿ ಬರೆಯುತ್ತಾಳೆ. ಹಟದಲ್ಲಿ ತಾತನ ಮೊಮ್ಮಗಳೇ.

ಕನ್ನಡಕದ ಡಬ್ಬ ಬಂತು. ಟೆರೇಸಿಗೆ ಹತ್ತಿರದ ಮನೆ ನಮ್ಮದೇ ಎಂದು ಸೆಕ್ರೆಟರಿ ನನ್ನ ಕೈಗೇ ಕೊಟ್ಟರು. "ನಿಮ್ಮ ಜವಾಬ್ದಾರಿ. ಆವತ್ತು ಮೆಟ್ಟಿಲ ಹತ್ರ ನಿಂತು ಹಂಚಿಬಿಡಿ." ರಟ್ಟಿನ ಫ್ರೇಮು, ಕಪ್ಪು ಹಾಳೆ, ಬದಿಯಲ್ಲಿ ಚಿನ್ನದ ಬಣ್ಣದ ಸೂರ್ಯ. ಪುಟ್ಟಿ ಒಂದನ್ನು ಹಾಕಿಕೊಂಡು ಇಡೀ ಮನೆ ತಡಕಾಡುತ್ತ ಓಡಾಡಿದಳು. ತುಂಬ ದಿನಗಳ ಮೇಲೆ ನಕ್ಕಳು.

ಮಾರ್ಚ್ 2, ಭಾನುವಾರ

ಏನು ಬರೆಯಲಿ.

ಮಾರ್ಕೆಟಿನಿಂದ ಬಂದೆ. ಮಾವ ಊಟದ ಮೇಜಿನ ಮುಂದೆ ಕೂತಿದ್ದರು, ಕೈಯಲ್ಲಿ ನನ್ನ ಬಟ್ಟೆ ಕತ್ತರಿ. ಮೇಜಿನ ತುಂಬ, ನೆಲದ ತುಂಬ, ಚಿನ್ನದ ಬಣ್ಣದ ಅರ್ಧ ಸೂರ್ಯಗಳು. ಡಬ್ಬ ಖಾಲಿ. ಒಂದನ್ನೂ ಬಿಟ್ಟಿರಲಿಲ್ಲ.

"ಟ್ಯೂಬ್‌ಲೈಟ್ ಕಾಣತ್ತಮ್ಮ ಇದ್ರಲ್ಲಿ," ಅಂದರು. "ಟ್ಯೂಬ್‌ಲೈಟ್ ಕಾಣೋ ಗಾಜಲ್ಲಿ ಸೂರ್ಯನ್ನ ನೋಡ್ತಾರಾ?"

ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲೂ ಎರಡು ತುಂಡು.

ಸೆಕ್ರೆಟರಿ ಬಂದರು. ಅವರ ಹಿಂದೆ ಸಂಗೀತದ ಟೀಚರು, ಅವರ ಹಿಂದೆ ಇನ್ನಾರೋ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು— ಉಪದ್ವ್ಯಾಪಿ, ಅಪಶಕುನ, ಮೊಸರಲ್ಲಿ ಕಲ್ಲು ಹುಡುಕೋ ಮುದುಕ. "ಕೆಡಿಸೋದಕ್ಕೇ ಹುಟ್ಟಿದೀರಾ ನೀವು?" ಅಂದುಬಿಟ್ಟರು ಸೆಕ್ರೆಟರಿ, ಆಮೇಲೆ ತಾವೇ ಬೆಚ್ಚಿ ತಲೆ ತಗ್ಗಿಸಿದರು. ಒಳ್ಳೆಯವರೇ ಅವರು. ಮಕ್ಕಳಿಗೆಂದು ಆಸೆಯಿಂದ ತರಿಸಿದ್ದರು.

ನನ್ನ ಜವಾಬ್ದಾರಿಯಾಗಿತ್ತು. ನಾಳೆಯಿಂದ ಲಿಫ್ಟಿನಲ್ಲಿ ಯಾರ ಮುಖ ಹೇಗೆ ನೋಡಲಿ?

ಮಾರ್ಚ್ 3, ಸೋಮವಾರ

ಇವರು ಡ್ಯೂಟಿ ಮುಗಿಸಿ ಬಂದು ವಿಷಯ ಕೇಳಿದರು. ಸಾಮಾನ್ಯವಾಗಿ ದನಿ ಎತ್ತುವವರಲ್ಲ. ದಿನವಿಡೀ ಬಸ್ಸಿನಲ್ಲಿ ಹಾರ್ನ್ ಕೇಳಿ ಕೇಳಿ ಮನೆಯಲ್ಲಿ ಪಿಸುಮಾತೇ. ಇವತ್ತು ಎತ್ತಿದರು.

"ಚಿಕ್ಕಂದಿನಿಂದ ನೋಡ್ತಿದೀನಪ್ಪ. ಬಿಲ್ಲು-ಬಾಣ ಬೇಡ. ಕವಣೆ ಬೇಡ. ಚೆಂಡು ಬೇಡ. ಸೈಕಲ್‌ಗೆ ಬ್ರೇಕ್ ಬೇಕು, ಸರಿ. ನೀವು ಬರೀ ಬ್ರೇಕೇ, ಸೈಕಲ್ಲೇ ಇಲ್ಲ! ನನಗೆ ಬಾಲ್ಯ ಅಂತ ಏನಿತ್ತು ಹೇಳಿ? ಬರೀ 'ಬೇಡ' ಇತ್ತು."

ಮಾವ ಮಗನ ಕಡೆ ತಿರುಗಿದರು.

"ಕಣ್ಣು ಇತ್ತಲ್ಲಪ್ಪ," ಅಂದರು.

ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಮಾರ್ಚ್ 5, ಬುಧವಾರ

ನಿಧಾನವಾಗಿ ಬರೆಯಬೇಕು ಇದನ್ನು.

ಎರಡು ದಿನದಿಂದ ಮಾವ ಬೆಳಿಗ್ಗೆ ಹೋದವರು ಕತ್ತಲಾಗುವ ಮುಂಚೆ ಬರುತ್ತಿದ್ದರು. ಊರಿನ ವೆಲ್ಡಿಂಗ್ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದ್ದಾರೆ. ವೆಲ್ಡರುಗಳ ಮುಖಗವಸಿಗೆ ಹಾಕುವ ಗಾಜಿನಲ್ಲಿ ನಂಬರುಗಳಿರುತ್ತವಂತೆ, ಹದಿನಾಲ್ಕನೇ ನಂಬರು ಎಲ್ಲಕ್ಕಿಂತ ಗಾಢವಂತೆ. ಸೂರ್ಯನಿಗೆ ಅದೇ ಆಗಬೇಕು. ಸಿಕ್ಕಷ್ಟು ತಂದಿದ್ದರು. ಕೊಯ್ದರೆ ಅಂಚು ಚೂಪಾಗಿ ಮಕ್ಕಳ ಕೈ ಕುಯ್ಯುತ್ತದೆ. "ನಿಮ್ಮ ಲ್ಯಾಬಲ್ಲಿ ಉಜ್ಜೋ ಮೋಟಾರ್ ಇದೆಯಲ್ಲಮ್ಮ?"

ಲ್ಯಾಬಿನ ಯಜಮಾನರನ್ನು ಕೇಳಿ, ಕೆಲಸದವರೆಲ್ಲ ಹೋದ ಮೇಲೆ ಮಾವನನ್ನು ಕರೆದುಕೊಂಡು ಹೋದೆ. ಸಂಜೆಯ ಬಿಸಿಲು ಕಿಟಕಿಯಲ್ಲಿತ್ತು. ಗೋಡೆಯುದ್ದಕ್ಕೂ ಸಾಲಾಗಿ ಪ್ಲಾಸ್ಟರಿನ ದವಡೆಗಳು. ಅವರು ಕೊಯ್ಯುವುದು, ನಾನು ಅಂಚು ಉಜ್ಜುವುದು. ಆ ಕೈ! ಗಾಜಿನ ಮೇಲೆ ಒಂದೇ ಒಂದು ಗೀರು— ಕಿರ್ರೆನ್ನುವ ಸದ್ದೂ ಇಲ್ಲ— ಹೆಬ್ಬೆರಳಲ್ಲಿ ಒತ್ತಿದರೆ ಬಿಸ್ಕತ್ತು ಮುರಿದ ಹಾಗೆ ಎರಡು. ನಾನು ಉಜ್ಜುವುದನ್ನೇ ಮರೆತು ನೋಡುತ್ತಿದ್ದೆ.

ಆಗ ಗಮನಿಸಿದೆ. ಗೀರುವಾಗ ಬಲಗಣ್ಣು ಮುಚ್ಚಿಕೊಳ್ಳುತ್ತಾರೆ. ಪ್ರತಿ ಸಲ.

"ಬಲಗಣ್ಣಿಗೆ ಏನಾಗಿದೆ ಮಾವ?"

ಮೋಟಾರ್ ಆಫ್ ಮಾಡು ಎಂದು ಸನ್ನೆ ಮಾಡಿದರು.

"ಪುಟ್ಟಿಯಷ್ಟಿದ್ದೆ. ಆವತ್ತೂ ಒಂದು ಗ್ರಹಣ. ಪೂರ್ತಿ ಅಲ್ಲ, ಮುಕ್ಕಾಲು. ಇಡೀ ಬೀದಿ ಆಚೆ ಬಂದಿತ್ತು. ಯಾರು ಜಾಸ್ತಿ ಹೊತ್ತು ನೋಡ್ತಾರೆ ಅಂತ ಹುಡುಗರಿಗೆ ಪಂದ್ಯ. ನಾನು ಪೇಪರ್ ಸುರುಳಿ ಮಾಡಿ, ಎಡಗಣ್ಣು ಮುಚ್ಕೊಂಡು, ಬಲಗಣ್ಣಲ್ಲಿ ನೋಡ್ದೆ. ಎಲ್ಲರೂ ಚಪ್ಪಾಳೆ. ನಾನೇ ಗೆದ್ದೆ ಕಣಮ್ಮ! ಹೆಗಲ ಮೇಲೆ ಎತ್ಕೊಂಡು ಬೀದಿ ಸುತ್ತಿಸಿದ್ರು."

"ನೋವಾಗಲಿಲ್ವಾ?"

"ಅದೇ ನೋಡು ಮೋಸ. ಒಂಚೂರೂ ನೋವಿಲ್ಲ. ಮಾರನೇ ದಿನ ಎದ್ದೆ. ಬಲಗಣ್ಣಲ್ಲಿ ಯಾವುದನ್ನ ನೇರವಾಗಿ ನೋಡಿದ್ರೂ ಅದೇ ಇಲ್ಲ. ಸುತ್ತ ಎಲ್ಲಾ ಇದೆ, ನಡುವೆ ಒಂದು ಕರಿ ಚುಕ್ಕೆ. ಈಗ್ಲೂ ಅಷ್ಟೇ. ಹತ್ರದಿಂದ ನಿನ್ನ ನೋಡಿದ್ರೆ ಮೂಗಿನ ತುದಿ ಇರಲ್ಲ. ರಸ್ತೆ ಆಕಡೆ ನಿಂತ್ಕೋ, ಮುಖಾನೇ ಇರಲ್ಲ. ಚುಕ್ಕೆ ಎಷ್ಟು ದೊಡ್ಡದು ಗೊತ್ತಾ? ಆಕಾಶದಲ್ಲಿ ಸೂರ್ಯ ಎಷ್ಟು ಕಾಣ್ತಾನೋ ಅಷ್ಟೇ. ಸರಿಯಾಗಿ ಅಳತೆ ತಗೊಂಡು ಸುಟ್ಟಿದಾನೆ."

ಅಷ್ಟು ದೂರದ ಬೆಂಕಿ, ಇಷ್ಟು ಚಿಕ್ಕ ಹುಡುಗನ ಕಣ್ಣೊಳಗೆ ಬಂದು ತನ್ನದೇ ಅಚ್ಚು ಒತ್ತಿ ಹೋಗಿದೆ.

"ಇವರಿಗೆ ಗೊತ್ತಾ?"

"ನಿಮ್ಮತ್ತೆಗೆ ಮಾತ್ರ ಗೊತ್ತಿತ್ತು. ಕನ್ನಡಕದ ಅಂಗಡಿಯವನ ಕಣ್ಣೇ ಡೊಂಕು ಅಂದ್ರೆ ಯಾರಮ್ಮ ಒಳಗ್ ಬರ್ತಾರೆ? ಹೇಳ್ದೇ ಹೇಳ್ದೇ ಅಭ್ಯಾಸ ಆಗೋಯ್ತು."

ಮತ್ತೆ ಗಾಜು ಕೈಗೆತ್ತಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಗಾಜಿಗೇ ಹೇಳುವವರ ಹಾಗೆ: "ಎಲ್ಲಾ ಒಳ್ಳೆಯವ್ರೇ. ನಮ್ಮಪ್ಪ ಇದ್ರು, ಮಾವಂದಿರಿದ್ರು, ಮೇಷ್ಟ್ರಿದ್ರು. ಎಲ್ಲಾ ನಗ್ತಾ ಇದ್ರು. ಆವತ್ತು ನಮ್ಮ ಬೀದೀಲಿ ಆಟ ಕೆಡಿಸೋನು ಒಬ್ಬನೂ ಇರ್ಲಿಲ್ಲ ನೋಡು."

ಬರುವಾಗ ದಾರಿಯಲ್ಲಿ ಕೇಳಿದೆ, ಡಬ್ಬದಲ್ಲಿದ್ದವು ಎಲ್ಲವೂ ಕೆಟ್ಟವೇ ಆಗಿದ್ದವಾ ಎಂದು.

"ಇಲ್ಲಮ್ಮ. ಅರ್ಧಕ್ಕರ್ಧ ಚೆನ್ನಾಗೇ ಇದ್ವೇನೋ. ಒಂದೊಂದೇ ಆರಿಸೋಕೆ ಕೂತೆ. ಒಂದು ತಪ್ಪಿ ಒಳ್ಳೇದ್ರ ಜೊತೆ ಸೇರ್ಕೊಂಡ್ರೆ? ಅದು ಪುಟ್ಟಿ ಕೈಗೆ ಹೋದ್ರೆ? ಕತ್ತರಿ ತಗೊಂಡೆ."

ಪುಟ್ಟಿಗೆ ಹೇಳಲಾ ಅಂದೆ. ಬೇಡ ಅಂದರು. "ಅಯ್ಯೋ ಪಾಪ ಅಂತ ನನ್ನ ಜೊತೆ ಮಾತಾಡೋದು ಬೇಡ."

ಮಾರ್ಚ್ 8, ಶನಿವಾರ

ಮಾವ ತಟ್ಟೆಯಲ್ಲಿ ಗಾಜುಗಳನ್ನಿಟ್ಟುಕೊಂಡು ಮನೆಮನೆ ಹತ್ತಿಳಿದರು. ಒಂದೊಂದಕ್ಕೂ ರಟ್ಟಿನ ಚೌಕಟ್ಟು, ಅಂಚಿಗೆ ಟೇಪು. ಕೆಲವರು ತೆಗೆದುಕೊಂಡರು, ಕೆಲವರು ಬಾಗಿಲು ಅರ್ಧ ತೆರೆದು ಕೈ ಮಾತ್ರ ಚಾಚಿದರು. ಸಂಗೀತದ ಟೀಚರು ಒಳಗಿನಿಂದಲೇ, "ಅಲ್ಲೇ ಇಟ್ಟು ಹೋಗಿ," ಅಂದರಂತೆ. ಸೆಕ್ರೆಟರಿ ಮಾತ್ರ ಹೊರಗೆ ಬಂದು ಗಾಜನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ರಾತ್ರಿ ಇದ್ದ ಹಾಗಿದೆ ಸಾರ್ ಇದರೊಳಗೆ," ಅಂದರು. ಅಷ್ಟೇ. ಆದರೆ ಅಂದರು.

ಮಾವ ಬೇರೆಯಾಗಿ ತೆಗೆದಿಟ್ಟಿದ್ದ ಒಂದನ್ನು ಇವರು ತಮ್ಮ ಬ್ಯಾಗಿಗೆ ಹಾಕಿಕೊಂಡರು, ನಾನು ನೋಡುತ್ತಿಲ್ಲವೆಂದು ತಿಳಿದು.

ಪುಟ್ಟಿಗೆ ಅಳತೆ ತೆಗೆದ ಹಾಗೆ ಮುಖವಾಡವನ್ನೇ ಮಾಡಿದ್ದಾರೆ, ಕಿವಿಗೆ ದಾರ. ಅವಳ ದಿಂಬಿನ ಮೇಲಿಟ್ಟಿದ್ದರು. ಅವಳು ಅದನ್ನು ಮೇಜಿನ ಮೇಲಿಟ್ಟು ಮಲಗಿದಳು.

ಮಾರ್ಚ್ 9, ಭಾನುವಾರ, ಬೆಳಿಗ್ಗೆ

ಮೋಡ.

ಸೆಕ್ರೆಟರಿಯ ಮುಖ ಆಕಾಶಕ್ಕಿಂತ ಕಪ್ಪು. ಇವರು ಡ್ಯೂಟಿಗೆ ಹೋದರು. ಮಾವ ಹಲ್ಲುಜ್ಜಿದ ಬ್ರಷ್ಷನ್ನು ಕೈಯಲ್ಲಿ ಹಿಡಿದುಕೊಂಡೇ ಕಿಟಕಿಯಲ್ಲಿ ನಿಂತಿದ್ದಾರೆ. ಪುಟ್ಟಿ, "ಮೋಡಾನೂ ಇವರೇ ಕರೆಸಿರ್ತಾರೆ," ಅಂದಳು. ನೇರ ಅವರಿಗಲ್ಲ, ಆದರೂ ಅವರ ಬಗ್ಗೆ ಅಂದ ಮೊದಲ ಮಾತು. ಮಾವನಿಗೆ ಅಷ್ಟಕ್ಕೇ ಖುಷಿ!

ಅದೇ ದಿನ, ಮಧ್ಯಾಹ್ನ

ಅಕ್ಷರ ನೋಡು, ಹೇಗೆ ಕುಣಿಯುತ್ತಿವೆ.

ಹತ್ತರ ಹೊತ್ತಿಗೆ ಮೋಡ ಹರಿಯಿತು. ಎಲ್ಲರೂ ಮೇಲೆ ಹೋದೆವು. ಗಾಜು ಹಿಡಿದು ನೋಡಿದರೆ ಸೂರ್ಯ ಹಸಿರು. ಒಂದು ಬದಿ ಯಾರೋ ಕಚ್ಚಿದ ಹಾಗೆ. ಮೊದಮೊದಲು ಗಲಾಟೆ, ಹಾಡು, ಫೋಟೋ. ಮಾವ ಗುಂಪಿನ ನಡುವೆ ಸುತ್ತುತ್ತಲೇ ಇದ್ದರು— "ಗಾಜಿಲ್ದೆ ನೋಡ್ಬೇಡಿ. ಏಯ್ ಮರಿ, ಪಕ್ಕದಿಂದ ಇಣುಕ್ಬೇಡ. ಅಮ್ಮಾ, ಮೊಬೈಲ್ ಕೆಳಗಿಡಿ." ಯಾರೋ ಗೊಣಗಿದರು. ಯಾರೋ ಹಾಡಿನ ಸದ್ದು ಏರಿಸಿದರು.

ಆಮೇಲೆ ಬೆಳಕು ತೆಳ್ಳಗಾಯಿತು. ಸಂಜೆಯ ಹಾಗಲ್ಲ. ಸಂಜೆ ಕೆಂಪಗೆ, ಮೆತ್ತಗೆ ಬರುತ್ತದೆ. ಇದು ಸೀಸದ ಬಣ್ಣ. ಎಲ್ಲರ ಮುಖ ಪ್ಲಾಸ್ಟರಿನ ಅಚ್ಚಿನ ಹಾಗೆ. ನೆರಳುಗಳು ಚಾಕುವಿನಲ್ಲಿ ಕೊಯ್ದಷ್ಟು ಚೂಪು, ನನ್ನ ನೆರಳಿನಲ್ಲಿ ಒಂದೊಂದು ಕೂದಲು ಬೇರೆ ಬೇರೆ ಕಂಡಿತು. ಟ್ಯಾಂಕಿನ ಪಕ್ಕಕ್ಕೆ ಬಾಗಿದ ಮರದ ಅಡಿಯಲ್ಲಿ ಎಲೆಗಳ ಸಂದಿಯಿಂದ ಬಿದ್ದ ಬೆಳಕು ಚುಕ್ಕೆ ಚುಕ್ಕೆಯಾಗಿರಲಿಲ್ಲ, ಸಾವಿರಾರು ಕುಡುಗೋಲು. ನೆಲದ ತುಂಬ ಪುಟ್ಟ ಪುಟ್ಟ ಸೂರ್ಯರು. ಯಾರೋ ಹಾಡು ನಿಲ್ಲಿಸಿದರು. ಯಾರೂ ಹೇಳಿರಲಿಲ್ಲ.

ಚಳಿ ಬಂತು. ಪಾರಿವಾಳಗಳು ಗುಂಪಾಗಿ ಗೂಡಿಗೆ ತಿರುಗಿದವು. ಬೀದಿದೀಪ ತನ್ನಷ್ಟಕ್ಕೆ ಹೊತ್ತಿತು.

ಆಗ ಪಶ್ಚಿಮದಿಂದ ಅದು ಬಂತು. ಕಣ್ಣಾರೆ ನೋಡಿದೆ. ನೆರಳು. ಇಡೀ ನೆರಳೇ, ಮನೆಗಳ ಮೇಲೆ, ಚಾವಣಿಗಳ ಮೇಲೆ, ಸದ್ದಿಲ್ಲದೆ, ಯಾವ ರೈಲೂ ಬರದ ವೇಗದಲ್ಲಿ. ಯಾರೋ ಕಿರುಚಿದರು. ನಾನೇ ಇರಬಹುದು.

ಕತ್ತಲೆ. ಗಾಜಿನೊಳಗೆ ಏನೂ ಇಲ್ಲ.

"ತೆಗೀರಿ!"

ಮಾವ.

"ಗಾಜು ತೆಗೀರಿ! ಪೂರ್ತಿ ಮುಚ್ಚಿದೆ, ಈಗ ಬರಿಗಣ್ಣಲ್ಲೇ ನೋಡ್ಬೇಕು! ತೆಗೀರಿ, ತೆಗೀರಿ!"

ಒಬ್ಬರೂ ತೆಗೆಯಲಿಲ್ಲ! ಒಂದು ತಿಂಗಳಿಂದ ಹೆದರಿಸಿ ಹೆದರಿಸಿ ಇಟ್ಟಿದ್ದಾರೆ, ಯಾರಿಗೆ ಧೈರ್ಯ? ಕತ್ತಲೆಯಲ್ಲಿ ಕರಿ ಗಾಜು ಹಿಡಿದು, ಏನೂ ಕಾಣದೆ, ಇಡೀ ಟೆರೇಸು ಕಲ್ಲಿನಂತೆ ನಿಂತಿತ್ತು. ಇರುವುದೇ ಎರಡು ನಿಮಿಷ. ಮಾವ ಹುಚ್ಚು ಹಿಡಿದವರ ಹಾಗೆ ಒಬ್ಬೊಬ್ಬರ ಹತ್ತಿರ ಓಡಿದರು. ಸೆಕ್ರೆಟರಿಯ ಕೈ ಹಿಡಿದು ಕೆಳಗೆ ಎಳೆದರು. ಸಂಗೀತದ ಟೀಚರ ಗಾಜನ್ನು ಕಿತ್ತುಕೊಂಡರು. "ನೋಡಿ, ನೋಡಿ, ಹೋಗ್ಬಿಡತ್ತೆ!"

ಪುಟ್ಟಿ ಮುಖವಾಡ ಹಾಕಿಕೊಂಡು ಅದರ ಮೇಲೆ ಎರಡೂ ಕೈ ಒತ್ತಿ ಹಿಡಿದಿದ್ದಳು. ಮಾವ ಅವಳೆದುರು ಮಂಡಿಯೂರಿದರು.

"ಪುಟ್ಟಿ. ನಾನೇ ಹೇಳ್ತಿದೀನಿ. ತಾತನೇ ಹೇಳ್ತಿರೋದು. ತೆಗಿ, ನೋಡು."

"ಕಣ್ಣು ಹೋಗತ್ತೆ!"

"ಹೋಗಲ್ಲ ಕಂದ. ನಿನ್ನ ಕಣ್ಣಿಗೆ ನಾನು ಸುಳ್ಳು ಹೇಳ್ತೀನಾ?"

ತೆಗೆದಳು. ತಲೆ ಎತ್ತಿದಳು. ಅವಳ ಬಾಯಿಂದ ಬಂದದ್ದು ಪದವಲ್ಲ, ಉಸಿರು.

ಆಗ ನಾನೂ ನೋಡಿದೆ.

ಹೇಗೆ ಬರೆಯಲಿ? ಸೂರ್ಯನಿದ್ದ ಜಾಗದಲ್ಲಿ ಒಂದು ತೂತು. ಕರಿ ಅಂದರೆ ಕರಿ, ಅಷ್ಟು ಕರಿ ಬೇರೆ ಎಲ್ಲೂ ಕಂಡಿಲ್ಲ. ಅದರ ಸುತ್ತ ಬೆಳ್ಳಿಯ ಜಟೆ— ಬೆಂಕಿಯಲ್ಲ, ಬೆಂಕಿಗಿಂತ ಮೆತ್ತಗೆ, ನೀರಿನಲ್ಲಿ ಬಿಡಿಸಿದ ಕೂದಲಿನ ಹಾಗೆ ಉದ್ದಕ್ಕೆ ಹರಡಿಕೊಂಡಿದೆ. ಪಕ್ಕದಲ್ಲಿ ನಕ್ಷತ್ರ. ಸುತ್ತಲೂ, ನಾಲ್ಕೂ ದಿಕ್ಕಿನಲ್ಲಿ, ಆಕಾಶದ ಅಂಚಿಗೆ ಸಂಜೆಗೆಂಪು. ನಾವು ಅದರ ನಟ್ಟನಡುವೆ. ದೊಡ್ಡದೊಂದು ಬಂದು ನಮ್ಮನ್ನೆಲ್ಲ ಒಂದು ಸಲ ನೋಡಿದ ಹಾಗೆ. ಸಂಗೀತದ ಟೀಚರು ಗೋಡೆ ಹಿಡಿದುಕೊಂಡು ಬಿಕ್ಕುತ್ತಿದ್ದರು. ಸೆಕ್ರೆಟರಿ ಕೈಮುಗಿದಿದ್ದರು, ತಮಗೇ ಗೊತ್ತಿಲ್ಲದೆ.

ಮಾವ ಇನ್ನೂ ನೆಲ ನೋಡುತ್ತಿದ್ದರು. ವಾಚು. ಮತ್ತೆ ಜನ. ಮತ್ತೆ ವಾಚು. ಅವರಿಗೆ ನೋಡಬೇಕೆಂಬುದೇ ಮರೆತಿತ್ತು. ಹೋಗಿ ಎರಡೂ ಭುಜ ಹಿಡಿದು ತಿರುಗಿಸಿದೆ. ಮಾವನನ್ನು ಹಾಗೆ ಮುಟ್ಟಿದವಳೇ ಅಲ್ಲ ನಾನು.

"ಮಾವ. ನೀವೂ ನೋಡಿ."

ನೋಡಿದರು.

ಆಮೇಲೆ ಎಡಗಣ್ಣು ಮುಚ್ಚಿಕೊಂಡರು. ತೆರೆದು ಬಲಗಣ್ಣು ಮುಚ್ಚಿದರು. ಮತ್ತೆ ಎಡಗಣ್ಣು. ಮತ್ತೆ ಬಲಗಣ್ಣು. ಬೇಗ ಬೇಗ, ಮಕ್ಕಳು ಆಡಿದ ಹಾಗೆ.

"ಅಮ್ಮಾ," ಅಂದರು. ದನಿ ಅವರದಾಗಿರಲಿಲ್ಲ. "ಎರಡೂ ಒಂದೇ ಥರ ಕಾಣ್ತಿದೆ ಕಣಮ್ಮ. ನಡುವೆ ಕರಿ, ಸುತ್ತ ಬೆಳಕು. ಈ ಕಣ್ಣಲ್ಲೂ ಅದೇ, ಆ ಕಣ್ಣಲ್ಲೂ ಅದೇ! ನಿಂಗೂ ಹಂಗೇ ಕಾಣ್ತಿದೆಯಾ?"

"ಹೌದು ಮಾವ. ಹಾಗೇ ಕಾಣ್ತಿದೆ."

"ಎಲ್ಲರಿಗೂ?"

"ಎಲ್ಲರಿಗೂ."

ಅರವತ್ತು ವರ್ಷ ಒಬ್ಬರೇ ಹೊತ್ತು ತಿರುಗಿದ್ದ ಕರಿ ಚುಕ್ಕೆ. ಈಗ ಆಕಾಶದಲ್ಲಿ, ಇಡೀ ಊರು ತಲೆಯೆತ್ತಿ ಅದನ್ನೇ ನೋಡುತ್ತಿತ್ತು. ಮಾವ ನಗುತ್ತಿದ್ದರು. ಗಲ್ಲದಿಂದ ನೀರು ಇಳಿದು ಅಂಗಿಯ ಕಾಲರಿಗೆ ಬೀಳುತ್ತಿತ್ತು.

ಅಂಚಿನಲ್ಲಿ ಒಂದು ಹನಿ ಬೆಳಕು ಚಿಮ್ಮುವ ಸೂಚನೆ ಕಂಡಿತೋ ಇಲ್ಲವೋ—

"ಸಾಕು! ಹಾಕ್ಕೊಳ್ಳಿ ಗಾಜು! ಎಲ್ಲರೂ! ಏಯ್!"

ಎಲ್ಲರೂ ಹಾಕಿಕೊಂಡರು. ಒಬ್ಬರೂ ಗೊಣಗಲಿಲ್ಲ.

ಅದೇ ದಿನ, ಸಂಜೆ

ಇವರು ಡ್ಯೂಟಿಯಿಂದ ಓಡಿಯೇ ಬಂದರು. ಸೇತುವೆಯ ಮೇಲೆ ಬಸ್ಸು ನಿಲ್ಲಿಸಿದರಂತೆ. ಹಿಂದೆ ಮುಂದೆ ಇದ್ದ ಗಾಡಿಗಳೂ ನಿಂತವಂತೆ, ಒಬ್ಬರೂ ಹಾರ್ನ್ ಮಾಡಲಿಲ್ಲವಂತೆ. ಒಂದೇ ಗಾಜು ಸೀಟಿನಿಂದ ಸೀಟಿಗೆ ಹೋಯಿತಂತೆ. "ಒಬ್ಬ ಮುದುಕಮ್ಮ ವಾಪಸ್ ಕೊಡೋದೇ ಇಲ್ಲ ಅಂತಾಳೆ ಕಣೇ! ಆಮೇಲೆ ಅವರೇ ಹೇಳ್ಕೊಟ್ಟಿದ್ರಲ್ಲ, ಪೂರ್ತಿ ಮುಚ್ಚಿದ್ಮೇಲೆ ತೆಗೀಬಹುದು ಅಂತ—"

"ಯಾರು ಹೇಳ್ಕೊಟ್ಟಿದ್ದು?"

"ಗಾಜಿನ ಹಿಂದೆ ಚೀಟಿ ಅಂಟಿಸಿದ್ರಲ್ಲ, ಅಪ್ಪ. ನನ್ನದಕ್ಕೆ ಮಾತ್ರಾನಾ?"

ಅವರದ್ದಕ್ಕೆ ಮಾತ್ರ.

ಮಾವ ಬಾಲ್ಕನಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಪುಟ್ಟಿ, ಅವರ ಕೈಬೆರಳು ಒಂದೊಂದನ್ನೇ ಎಳೆಯುತ್ತ. ಎಲ್ಲಿಂದ ಶುರುವಾಯಿತೋ ಇಬ್ಬರ ಮಾತು, ನನಗೆ ಗೊತ್ತಾಗಲಿಲ್ಲ. ಟೀ ಕೊಡಲು ಹೋದಾಗ ಮಾವ, "ನಿಂಗೊಂದ್ ವಿಷ್ಯ ಹೇಳ್ಬೇಕು ಕಣೋ, ಕೂತ್ಕೋ," ಎಂದು ಇವರಿಗೆ ಅನ್ನುತ್ತಿದ್ದರು. ಟೀ ಇಟ್ಟು ಬಂದುಬಿಟ್ಟೆ.

ಒಳಗಿನಿಂದ ಗಾಜಿನ ಬಾಗಿಲಲ್ಲಿ ಕಂಡದ್ದು: ಇವರು ಮೊದಲು ನಿಂತೇ ಇದ್ದರು. ಆಮೇಲೆ ಕೂತರು. ಆಮೇಲೆ ಅಪ್ಪನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಆ ಬಲಗಣ್ಣಿನೊಳಗೆ ಬಗ್ಗಿ ಬಗ್ಗಿ ನೋಡಿದರು. ಏನು ಕಾಣಬೇಕು, ಹೊರಗಿನಿಂದ? ಆದರೂ ನೋಡುತ್ತಲೇ ಇದ್ದರು. ಟೀ ಆರಿ ತಣ್ಣಗಾಯಿತು.

ಮಾರ್ಚ್ 11, ಮಂಗಳವಾರ, ಸಂಜೆ

ಲ್ಯಾಬಿನಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ, ಎಲ್ಲರದೂ ಅದೇ ಮಾತು. ಕುದುರೆ ನಗೆಯ ಪೇಷಂಟು ಹೊಸ ಹಲ್ಲು ಒಪ್ಪಿಕೊಂಡರಂತೆ. ಬರುವಾಗ ಲಿಫ್ಟಿನಲ್ಲಿ ಸಂಗೀತದ ಟೀಚರು ಸಿಕ್ಕಿದರು. ಏನೋ ಹೇಳಲು ಬಾಯಿ ತೆರೆದರು, ಮೂರನೇ ಮಹಡಿ ಬಂತು, ನನ್ನ ಕೈ ಒತ್ತಿ ಇಳಿದು ಹೋದರು. ಅವರ ಮನೆ ಮೂರನೇ ಮಹಡಿಯಲ್ಲಿಲ್ಲ.

ಬೆಳಿಗ್ಗೆ ಮಾವ ಮಕ್ಕಳಿಗೆ ರಬ್ಬರ್ ಬ್ಯಾಂಡಿನ ಬಗ್ಗೆ ಮತ್ತೆ ಬೈದರು. ಯಾರೂ ಬದಲಾಗುವುದಿಲ್ಲ. ಪುಟ್ಟಿಯೂ ಅವರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಬೈಯುತ್ತಿದ್ದಳು.

ಈಗ ಟೆರೇಸಿನಿಂದ ಕೂಗು. ಮಾವನದೇ. "ಅಮ್ಮಾ, ಮೇಲ್ ಬಾ! ಎಲ್ಲರನ್ನೂ ಕರಿ! ಪಡುವಣಕ್ಕೆ ನೋಡು, ಚಂದ್ರ— ಇಷ್ಟೇ ಇಷ್ಟು, ಉಗುರಿನಷ್ಟು! ಮೊನ್ನೆ ಅಡ್ಡ ಬಂದೋನು ಇವನೇ! ಬೇಗ ಬಾ, ಮುಳುಗ್ತಾನೆ!" ಮೆಟ್ಟಿಲ ಮೇಲೆ ಬಾಗಿಲುಗಳು ತೆರೆಯುವ ಸದ್ದು. ಸೆಕ್ರೆಟರಿಯ ದನಿ. ಇವರು ಬರಿಗಾಲಲ್ಲೇ ಓಡಿದರು. ಅನ್ನ ಒಲೆಯ ಮೇಲಿದೆ, ಉರಿ ಆರಿಸಿ ಹೋಗಬೇಕು, ಮತ್ತೆ ಕೂಗುತ್ತಿದ್ದಾರೆ, ಬಂದೆ ಮಾವ, ಬಂ